ಒಂದು ಕೋಣೆಯಲ್ಲಿ ಬೈತುರ್ಸಿನುಲಿ: ಬಡಾವಣೆ ಲೈಬ್ರರಿಯಲ್ಲಿ ಪ್ರದರ್ಶನ ಇಡುವುದು ಹೇಗೆ

ನವೆಂಬರ್ ಬಂತೆಂದರೆ ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಹಳದಿ ಕೆಂಪು ಬಾವುಟ, ಆರ್ಕೆಸ್ಟ್ರಾ, ಊಟ. ಅದು ಇರಲಿ, ಇರಬೇಕು. ನಮ್ಮ ಬಡಾವಣೆಯ ಪುಟ್ಟ ಲೈಬ್ರರಿಯಲ್ಲಿ ಅದರ ಜೊತೆಗೆ ಇನ್ನೊಂದು ಕೆಲಸ ಇಟ್ಟುಕೊಂಡಿದ್ದೇವೆ. ಬೇರೆ ನಾಡಿನಲ್ಲಿ ತಮ್ಮ ನುಡಿಗಾಗಿ ದುಡಿದ ಒಬ್ಬರನ್ನು ಆರಿಸಿಕೊಂಡು ಒಂದು ಕೋಣೆಯಲ್ಲಿ ಅವರ ಬಗ್ಗೆ ಪ್ರದರ್ಶನ ಇಡುತ್ತೇವೆ. ಒಂದೇ ಭಾನುವಾರ, ಬೆಳಗ್ಗೆಯಿಂದ ಸಂಜೆವರೆಗೆ. ಈ ಸಲ ಆರಿಸಿಕೊಂಡದ್ದು ಕಜಾಕ್ ನುಡಿಯ ಮೇಷ್ಟ್ರು ಅಹ್ಮೆತ್ ಬೈತುರ್ಸಿನುಲಿ ಅವರನ್ನು.

ಅವರೇ ಯಾಕೆ ಅಂತ ಕೇಳಿದವರು ತುಂಬ ಜನ. ಬೆಂಗಳೂರಿನಿಂದ ಕಜಾಕ್‌ಸ್ತಾನದ ಅಲ್ಮಾಟಿಗೆ ಹೋಗಿಬರುವವರು ಈಗ ಜಾಸ್ತಿ. ಹಿಮದಲ್ಲಿ ನಿಂತ ಫೋಟೊ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಆ ಊರಿನಲ್ಲಿ ಬೈತುರ್ಸಿನುಲಿ ಹೆಸರಿನ ಒಂದು ದೊಡ್ಡ ಬೀದಿ ಇದೆ. ಅದೇ ಬೀದಿಯಲ್ಲಿ ಅವರು ಬಾಳಿದ ಮನೆ ಇದೆ. 1998ರಿಂದ ಅದು ಮ್ಯೂಸಿಯಂ. ಆ ಬೀದಿಯಲ್ಲಿ ಟ್ಯಾಕ್ಸಿಯಲ್ಲಿ ಓಡಾಡಿಬಂದ ನಮ್ಮವರಿಗೆ ಮನೆ ಇರುವುದೇ ಗೊತ್ತಿರಲಿಲ್ಲ. ಅಲ್ಲಿಗೆ ಹೋಗುವವರಿಗೆ ಇಲ್ಲೇ ಒಂದು ತಯಾರಿ ಆಗಲಿ, ಹೋಗದವರಿಗೆ ಇಲ್ಲೇ ಒಂದು ಪರಿಚಯ ಆಗಲಿ ಅಂತ ಶುರುವಾಯಿತು.

ನಾನು ಅವೆನ್ಯೂ ರೋಡ್ ಹತ್ತಿರದ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತ ಕೆಲಸ ಕಲಿತವನು. ಆಮೇಲೆ ಡಿಟಿಪಿ. ಈಗ ನಿವೃತ್ತ. ಹಾಗಾಗಿ ಈ ಬರಹ ಅಕ್ಷರದ ಕಡೆಗೆ ಜಾಸ್ತಿ ವಾಲುತ್ತದೆ. ನೀವು ಮೇಷ್ಟ್ರಾಗಿದ್ದರೆ ಅವರ ಶಾಲೆಪುಸ್ತಕದ ಕಡೆಗೆ ವಾಲಿಸಿಕೊಳ್ಳಿ, ಪತ್ರಕರ್ತರಾಗಿದ್ದರೆ ಪತ್ರಿಕೆ ಕಡೆಗೆ. ಮೂರಕ್ಕೂ ಸಾಕಷ್ಟು ಸರಕು ಇದೆ.

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ

ಸೋವಿಯತ್ ಸರ್ಕಾರ ಇವರನ್ನು 1937ರಲ್ಲಿ ಗುಂಡಿಟ್ಟು ಕೊಂದಿತು. ಈ ಒಂದು ಸಂಗತಿ ಇಡೀ ಕೋಣೆಯನ್ನು ನುಂಗಿಬಿಡುತ್ತದೆ. ಬಾಗಿಲಲ್ಲೇ ಕಪ್ಪು ಬಟ್ಟೆ, ಹೂವಿನ ಹಾರ, ದೀಪ ಇಟ್ಟರೆ ಬಂದವರು ಅಯ್ಯೋ ಪಾಪ ಅಂತಾರೆ, ಕೈ ಮುಗೀತಾರೆ, ಹೋಗ್ತಾರೆ. ಅವರು ಏನು ಕೆಲಸ ಮಾಡಿದ್ರು ಅಂತ ಆಚೆ ನಿಂತು ಕೇಳಿ, ಯಾರಿಗೂ ಗೊತ್ತಿರುವುದಿಲ್ಲ. ಕೋಣೆಯ ಮುಕ್ಕಾಲು ಭಾಗ ಕೆಲಸಕ್ಕೆ ಇಡಿ. ಕಾಲು ಭಾಗ ಅವರಿಗೆ ಆದದ್ದಕ್ಕೆ. ಅದೂ ಕೊನೆಯ ಗೋಡೆಯಲ್ಲಿ, ಕೆಲಸ ಏನು ಅಂತ ಗೊತ್ತಾದ ಮೇಲೆ. ಆಗ ಮಾತ್ರ ಕಳೆದುಹೋದದ್ದು ಎಷ್ಟು ಅನ್ನುವುದು ತಿಳಿಯುತ್ತದೆ.

ವಿಷಯ ಕಲೆಹಾಕುವಾಗ ಎಡವುವ ಜಾಗಗಳು

ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಎರಡು ಹೆಸರಲ್ಲೂ ಹುಡುಕಿ. ಕಜಾಕ್ ರೀತಿಯಲ್ಲಿ ಬೈತುರ್ಸಿನುಲಿ, ರಷ್ಯನ್ ರೀತಿಯಲ್ಲಿ ಬೈತುರ್ಸಿನೋವ್. ಒಬ್ಬರೇ. ಹಳೆಯ ಪುಸ್ತಕಗಳಲ್ಲಿ ಎರಡನೆಯದೇ ಜಾಸ್ತಿ.

ಹುಟ್ಟಿದ ವರ್ಷ ಕೆಲವು ಕಡೆ 1872, ಕೆಲವು ಕಡೆ 1873 ಅಂತ ಇರುತ್ತದೆ. 1872 ಅಂತಲೇ ಬರೆಯಿರಿ. 2022ರಲ್ಲಿ ಅವರ 150ನೇ ವರ್ಷವನ್ನು ಕಜಾಕ್‌ಸ್ತಾನ ಆಚರಿಸಿತು, ಯುನೆಸ್ಕೋ ಕೂಡ ಅದನ್ನು ತನ್ನ ಪಟ್ಟಿಗೆ ಸೇರಿಸಿತ್ತು. ಹುಟ್ಟಿದ ದಿನ ಸೆಪ್ಟೆಂಬರ್ 5. ಅಲ್ಲಿ ಭಾಷೆಗಳ ದಿನ ಆಚರಿಸುವುದೂ ಅದೇ ದಿನ. ನಮ್ಮಲ್ಲಿ ಶಿಕ್ಷಕರ ದಿನ! ಶಾಲೆಯಲ್ಲಿ ಪ್ರದರ್ಶನ ಇಡುವವರು ನವೆಂಬರ್‌ವರೆಗೆ ಕಾಯಬೇಕಾಗಿಲ್ಲ.

ಇನ್ನೊಂದು ದೊಡ್ಡ ಗೊಂದಲ ಇದೆ. ರಷ್ಯನ್ನರು ಆಗ ಕಜಾಕರನ್ನು ಕಾಗದಪತ್ರದಲ್ಲಿ ಕಿರ್ಗಿಜ್ ಅಂತ ಬರೆಯುತ್ತಿದ್ದರು. 1925ರವರೆಗೆ ಹಾಗೇ ನಡೆಯಿತು. ಹಳೆಯ ದಾಖಲೆಯಲ್ಲಿ ಕಿರ್ಗಿಜ್ ಶಾಲೆ, ಕಿರ್ಗಿಜ್ ಭಾಷೆ ಅಂತ ಕಂಡರೆ ಬೇರೆ ದೇಶದ್ದು ಅಂದುಕೊಂಡು ಪಕ್ಕಕ್ಕಿಡಬೇಡಿ. ಹಾಗಂತ ಎಲ್ಲವನ್ನೂ ಎಳೆದುಕೊಳ್ಳಲೂಬೇಡಿ, ಈಗಿನ ಕಿರ್ಗಿಜ್‌ಸ್ತಾನದ ಸಂಗತಿಗಳೂ ನಡುವೆ ಸಿಗುತ್ತವೆ. ಇಸವಿ ನೋಡಿ, ಊರು ನೋಡಿ, ಆಮೇಲೆ ತೆಗೆದುಕೊಳ್ಳಿ.

ಊರುಗಳ ಒಂದು ನಕ್ಷೆ ಮಾಡಿಕೊಂಡರೆ ಬದುಕಿನ ಅರ್ಧ ಕತೆ ಅದರಲ್ಲೇ ಬರುತ್ತದೆ. ಹುಟ್ಟಿದ್ದು ತುರ್ಗಾಯ್ ಸೀಮೆ. ಮೇಷ್ಟ್ರ ತರಬೇತಿ ಒರೆನ್‌ಬರ್ಗ್‌ನಲ್ಲಿ, ಇಬ್ರಾಯ್ ಅಲ್ತಿನ್ಸಾರಿನ್ ಅನ್ನುವ ಹಿರಿಯರು ಕಟ್ಟಿದ ಶಾಲೆಯಲ್ಲಿ. 1895ರಿಂದ ಅಕ್ತೊಬೆ, ಕೊಸ್ತಾನಾಯ್, ಕರ್ಕರಾಲಿ ಕಡೆ ಮೇಷ್ಟ್ರು. 1909ರಲ್ಲಿ ಸೆಮೆಯ್ ಊರಿನ ಜೈಲು. ಬಿಟ್ಟಮೇಲೆ ಈ ಸೀಮೆಯಲ್ಲೇ ಇರಬೇಡ ಅಂದರು, ಮತ್ತೆ ಒರೆನ್‌ಬರ್ಗ್‌ಗೆ ಹೋದರು. ಒರೆನ್‌ಬರ್ಗ್ ಈಗ ರಷ್ಯಾದಲ್ಲಿದೆ, ಇದನ್ನು ನಕ್ಷೆಯಲ್ಲಿ ಬರೆದೇ ಬರೆಯಿರಿ. ಆಗ ಕಜಾಕರ ಓದುಬರಹದ ದೊಡ್ಡ ಊರು ಅದೇ ಆಗಿತ್ತು. ಕೊನೆಗೆ ಅಲ್ಮಾಟಿ.

ನಕ್ಷೆ ಕೈಯಲ್ಲೇ ಬರೆಸಿ. ನಮ್ಮಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಳು. ಕ್ಯಾಸ್ಪಿಯನ್ ಸಮುದ್ರ ಸ್ವಲ್ಪ ದಪ್ಪ ಆಯಿತು, ಪರವಾಗಿಲ್ಲ.

ಗೋಡೆಗೆ ಏನು ಹಾಕಬೇಕು

ಒಂದು ಬೋರ್ಡಿಗೆ ಒಂದೇ ವಿಷಯ. ನಲವತ್ತು, ಐವತ್ತು ಪದ ಮೀರಬಾರದು. ಅಕ್ಷರ 28 ಪಾಯಿಂಟಿಗಿಂತ ಚಿಕ್ಕದು ಬೇಡ, ವಯಸ್ಸಾದವರು ಕನ್ನಡಕ ಹುಡುಕಿಕೊಂಡು ನಿಲ್ಲುತ್ತಾರೆ. ಬೋರ್ಡಿನ ನಡುಭಾಗ ನೆಲದಿಂದ ನಾಲ್ಕೂವರೆ ಅಡಿಗೆ ಬರಲಿ, ಮಕ್ಕಳೇ ಜಾಸ್ತಿ ಬರುವುದಾದರೆ ನಾಲ್ಕಕ್ಕೆ ಇಳಿಸಿ. ಫ್ಲೆಕ್ಸ್ ಬೇಡವೇ ಬೇಡ. ಬೆಳಕು ಬಿದ್ದರೆ ಹೊಳೆಯುತ್ತದೆ, ಓದಲಾಗುವುದಿಲ್ಲ. ಆಮೇಲೆ ಅದನ್ನು ಎಸೆಯುವುದೂ ಕಷ್ಟ. ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿಗಳ ಸಾಲಿನಲ್ಲಿ ಒಳ್ಳೆ ಐವರಿ ಕಾರ್ಡ್ ಸಿಗುತ್ತದೆ, ಅದರಲ್ಲಿ ಪ್ರಿಂಟ್ ಹಾಕಿಸಿ. ಗೋಡೆಗೆ ಗಮ್ ಟೇಪ್ ಅಂಟಿಸಿದರೆ ನವೆಂಬರ್ ಮಳೆಗೆ ಮಧ್ಯಾಹ್ನದೊಳಗೆ ಉದುರುತ್ತದೆ. ಒಂದು ದಾರ ಕಟ್ಟಿ ಬಟ್ಟೆ ಕ್ಲಿಪ್ ಹಾಕಿ ನೇತುಬಿಡಿ.

ಮೊದಲ ಬೋರ್ಡ್ ಅವರ ಫೋಟೊ. ದುಂಡು ಕನ್ನಡಕ, ಮೀಸೆ. ಕೆಳಗೆ ಒಂದೇ ಸಾಲು: ಮೇಷ್ಟ್ರು, ಕವಿ, ಪತ್ರಿಕಾ ಸಂಪಾದಕರು, ಕಜಾಕ್ ನುಡಿಗೆ ಲಿಪಿ ಮತ್ತು ವ್ಯಾಕರಣ ಹೊಂದಿಸಿಕೊಟ್ಟವರು. ಸಾಕು.

ಎರಡನೆಯದು ಅವರ ಹುಡುಗುತನ. 1885ರಲ್ಲಿ ಅವರ ತಂದೆ ಬೈತುರ್ಸಿನ್ ಜಿಲ್ಲೆಯ ರಷ್ಯನ್ ಅಧಿಕಾರಿಯ ಮೇಲೆ ಕೈ ಮಾಡಿದರು. ಅದಕ್ಕೆ ಸೈಬೀರಿಯಾದಲ್ಲಿ ಕಠಿಣ ಶಿಕ್ಷೆ ಆಯಿತು. ಹುಡುಗನಿಗೆ ಆಗ ಹದಿಮೂರು ವರ್ಷ. ಮುಂದೆ ತಾನೇ ಜೈಲಿನಲ್ಲಿ ಕೂತು ತಾಯಿಗೆ ಬರೆದ ಪದ್ಯದಲ್ಲಿ ಆ ಹದಿಮೂರನೇ ವಯಸ್ಸಿನ ಗಾಯದ ಮಾತು ಬರುತ್ತದೆ. ಈ ಬೋರ್ಡ್ ಮುಂದೆ ದೊಡ್ಡವರು ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಮೂರನೆಯದು ಮಕ್ಕಳಿಗೆ. 1909ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರ ನಲವತ್ತು ನೀತಿಕತೆಗಳ ಪುಸ್ತಕ ಅಚ್ಚಾಯಿತು. ರಷ್ಯನ್ ಕವಿ ಕ್ರಿಲೋವ್ ಕತೆಗಳನ್ನು ಹುಲ್ಲುಗಾವಲಿನ ಜನಕ್ಕೆ ಒಗ್ಗುವಂತೆ ಕಜಾಕ್ ಪದ್ಯ ಮಾಡಿದರು. ಅದರಲ್ಲಿ ಹಂಸ, ಮೀನು, ಏಡಿಜಾತಿಯ ಪ್ರಾಣಿ ಮೂರೂ ಸೇರಿ ಒಂದು ಗಾಡಿ ಎಳೆಯುವ ಕತೆ ಇದೆ. ಹಂಸ ಆಕಾಶಕ್ಕೆ ಎಳೆಯಿತು, ಏಡಿ ಹಿಂದಕ್ಕೆ, ಮೀನು ನೀರಿಗೆ. ಗಾಡಿ ಇದ್ದಲ್ಲೇ ಇತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತ ಕೆಳಗೆ ಬರೆದುಬಿಡಿ, ವಿವರಣೆ ಬೇಕಾಗುವುದಿಲ್ಲ. ರಟ್ಟಿನ ಗಾಡಿಗೆ ಮೂರು ದಾರ ಕಟ್ಟಿ ಮೂರು ಮಕ್ಕಳ ಕೈಗೆ ಕೊಡಿ. ಗಲಾಟೆ ಆಗುತ್ತದೆ, ಆಗಲಿ.

1911ರ ಪದ್ಯಪುಸ್ತಕದ ಹೆಸರು ‘ಮಸಾ’. ಅಂದರೆ ಸೊಳ್ಳೆ. ಮಲಗಿದ ಜನರ ಕಿವಿ ಹತ್ತಿರ ಗುಂಯ್‌ಗುಟ್ಟಿ ಎಬ್ಬಿಸುವ ಸೊಳ್ಳೆ ತಾನು ಅಂತ ಕವಿ ಹೇಳಿಕೊಳ್ಳುತ್ತಾರೆ. ಬೆಂಗಳೂರಿನವರಿಗೆ ಸೊಳ್ಳೆ ಬಗ್ಗೆ ನಾವು ಹೇಳಿಕೊಡಬೇಕಾದ್ದು ಏನೂ ಇಲ್ಲ.

ಐದನೆಯದು ‘ಕಜಾಕ್’ ಪತ್ರಿಕೆ. 1913ರಿಂದ 1918ರವರೆಗೆ ಒರೆನ್‌ಬರ್ಗ್‌ನಿಂದ ಬಂತು. ಬೈತುರ್ಸಿನುಲಿ ಸಂಪಾದಕರು. ಅಲಿಖಾನ್ ಬೊಕೆಯ್‌ಖಾನ್, ಮಿರ್ಜಾಕಿಪ್ ದುಲಾತುಲಿ ಜೊತೆಗಾರರು. ಸರ್ಕಾರ ಕಿರ್ಗಿಜ್ ಅನ್ನುತ್ತಿದ್ದ ಕಾಲದಲ್ಲಿ ಪತ್ರಿಕೆಯ ತಲೆಯ ಮೇಲೆ ಕಜಾಕ್ ಅಂತ ಅಚ್ಚು ಹಾಕಿದರು, ಅದರ ಗುರುತು ಹುಲ್ಲುಗಾವಲಿನ ಡೇರೆಮನೆ. ಪತ್ರಿಕೆ ನಡೆಯುತ್ತಿದ್ದ ಆ ಹೊತ್ತಿನಲ್ಲೇ, 1915ರಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಎರಡೂ ಇಸವಿಯನ್ನು ಒಂದೇ ಬೋರ್ಡಿನಲ್ಲಿ ಹಾಕಿ. ಚಾಮರಾಜಪೇಟೆ ಕಡೆಯವರು ಅಲ್ಲಿ ನಿಂತು ಮಾತಾಡಲು ಶುರು ಮಾಡುತ್ತಾರೆ. ಹಳೆಯ ಸಂಚಿಕೆಗಳ ಸ್ಕ್ಯಾನ್ ಬೇಕಿದ್ದರೆ ಕಜಾಕ್‌ಸ್ತಾನದ ರಾಷ್ಟ್ರೀಯ ಎಲೆಕ್ಟ್ರಾನಿಕ್ ಲೈಬ್ರರಿಯಲ್ಲಿ ಹುಡುಕಿ ನೋಡಿ.

ಇಷ್ಟೂ ಬೋರ್ಡು ಒಂದೇ ಗೋಡೆಯಲ್ಲಿ ಮುಗಿಯಬೇಕು. ಯಾಕೆಂದರೆ ನಡುವಿನ ಮೇಜಿಗೆ ಜಾಗ ಬೇಕು.

ನಡುವಿನ ಮೇಜು

ಕೋಣೆಯಲ್ಲಿ ಒಂದೇ ಒಂದು ವಸ್ತು ಇಡಲು ಜಾಗ ಇದ್ದರೆ ಈ ಮೇಜು ಇಡಿ, ಉಳಿದದ್ದನ್ನೆಲ್ಲ ಬಿಡಿ ಅನ್ನುವಷ್ಟು ನನಗೆ ಇದರ ಮೇಲೆ ಪ್ರೀತಿ.

ಆಗ ಕಜಾಕರು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ಅರಬ್ಬಿ ಲಿಪಿಯಲ್ಲಿ ಸ್ವರಕ್ಕೆ ಅಕ್ಷರ ಕಮ್ಮಿ. ಕಜಾಕ್ ನುಡಿಯಲ್ಲಿ ಸ್ವರ ಜಾಸ್ತಿ. ಇನ್ನೊಂದು ಕಡೆ, ಅರಬ್ಬಿಯಲ್ಲಿರುವ ಎಷ್ಟೋ ವ್ಯಂಜನಗಳು ಕಜಾಕರ ಬಾಯಲ್ಲಿ ಇಲ್ಲವೇ ಇಲ್ಲ. ಓದು ಕಲಿಯುವ ಮಗುವಿಗೆ ಎರಡೂ ಕಡೆಯಿಂದ ಕಷ್ಟ. ಹೇಳುವ ಸದ್ದಿಗೆ ಅಕ್ಷರ ಇಲ್ಲ, ಇರುವ ಅಕ್ಷರಕ್ಕೆ ಸದ್ದಿಲ್ಲ.

ಬೈತುರ್ಸಿನುಲಿ 1910ರಿಂದಾಚೆಗೆ ಇದನ್ನು ಬಿಡಿಸಲು ಕೂತರು. ಬೇಡದ ಅಕ್ಷರಗಳನ್ನು ತೆಗೆದರು. ಸ್ವರಗಳಿಗೆ ಅಕ್ಷರ ಕೊಟ್ಟರು. ಉಳಿದದ್ದು 24 ಅಕ್ಷರ: 5 ಸ್ವರ, 17 ವ್ಯಂಜನ, 2 ಅರೆಸ್ವರ. ಜೊತೆಗೆ ಒಂದು ಗುರುತು. ಆ ಗುರುತೇ ಇಡೀ ಲಿಪಿಯ ಜಾಣತನ.

ಕಜಾಕ್ ನುಡಿಯಲ್ಲಿ ಒಂದು ಪದ ಪೂರ್ತಿ ದಪ್ಪ ದನಿಯಲ್ಲಿ ಇರುತ್ತದೆ, ಇಲ್ಲ ಪೂರ್ತಿ ತೆಳು ದನಿಯಲ್ಲಿ ಇರುತ್ತದೆ. ಅವರ ವ್ಯಾಕರಣದಲ್ಲೂ ದಪ್ಪ, ತೆಳು ಅಂತಲೇ ಕರೆಯುತ್ತಾರೆ. ನಾಲಿಗೆ ಹಿಂದಿದ್ದರೆ ದಪ್ಪ, ಮುಂದಿದ್ದರೆ ತೆಳು. ಎರಡೂ ಒಂದೇ ಪದದಲ್ಲಿ ಬೆರೆಯುವುದು ಅಪರೂಪ. ಹಾಗಿದ್ದ ಮೇಲೆ ದಪ್ಪ ಸ್ವರಕ್ಕೊಂದು ತೆಳು ಸ್ವರಕ್ಕೊಂದು ಅಂತ ಎರಡೆರಡು ಅಕ್ಷರ ಯಾಕೆ? ಒಂದೇ ಅಕ್ಷರ ಸಾಕು. ಪದ ತೆಳು ಅಂತಾದರೆ ಅದರ ಮುಂದೆ ಒಂದು ಸಣ್ಣ ಗುರುತು ಹಾಕಿದರಾಯಿತು. ಆ ಗುರುತಿಗೆ ದಾಯೆಕ್ಷಿ ಅಂತ ಹೆಸರಿಟ್ಟರು. ನೋಡಲು ಮೇಲೆ ಕೂರುವ ಸಣ್ಣ ಕೊಕ್ಕೆ. ನಮ್ಮ ಕಾಗುಣಿತದಲ್ಲಿ ಗುಡಿಸು, ಕೊಂಬು, ಏತ್ವ ಎಲ್ಲ ಒಂದೊಂದು ಅಕ್ಷರವನ್ನು ಬದಲಾಯಿಸುತ್ತವೆ. ಇದು ಇಡೀ ಪದವನ್ನು ಒಂದೇ ಏಟಿಗೆ ಬದಲಾಯಿಸುತ್ತದೆ.

ಇದನ್ನು ಬೋರ್ಡಿನಲ್ಲಿ ಬರೆದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಕೈಗೆ ಕೊಡಬೇಕು. ಹೀಗೆ ಮಾಡಿ.

ಅಂಗೈ ಅಗಲದ ರಟ್ಟಿನ ಮೇಲೆ ‘ಉನ್’ ಅನ್ನುವ ಪದವನ್ನು ಅವರ ಲಿಪಿಯಲ್ಲಿ ದೊಡ್ಡದಾಗಿ ಬರೆಸಿ. ಎರಡೇ ಅಕ್ಷರ. ಬಲಗಡೆ ಸ್ವಲ್ಪ ಜಾಗ ಖಾಲಿ ಬಿಡಿ, ಬರವಣಿಗೆ ಬಲದಿಂದ ಶುರುವಾಗುತ್ತದಲ್ವಾ. ಆ ಖಾಲಿ ಜಾಗಕ್ಕೆ ಸರಿಯಾಗಿ ಹೊಂದುವ ಪಾರದರ್ಶಕ ಹಾಳೆಯ ತುಂಡಿನ ಮೇಲೆ ಕೆಂಪು ಶಾಯಿಯಲ್ಲಿ ಕೊಕ್ಕೆ ಬರೆಯಿರಿ. ಈಗ ಬಂದವರಿಗೆ ಹೇಳಿ: ಸುಮ್ನೆ ನಾವು ಹೇಳುವ ಹಾಗೆ ‘ಉನ್’ ಅನ್ನಿ. ಅದು ಹಿಟ್ಟು, ರೊಟ್ಟಿ ಮಾಡುವ ಹಿಟ್ಟು. ಈಗ ಕೊಕ್ಕೆ ಇಡಿ. ತುಟಿ ಉ ಅನ್ನುವ ಹಾಗೆ ದುಂಡಗೇ ಇರಲಿ, ನಾಲಿಗೆಯನ್ನು ಮಾತ್ರ ಇ ಅನ್ನುವ ಜಾಗಕ್ಕೆ ತನ್ನಿ, ಈಗ ಹೇಳಿ. ಅದು ದನಿ. ಕೊಕ್ಕೆ ತೆಗೆದರೆ ಹಿಟ್ಟು, ಇಟ್ಟರೆ ದನಿ.

ಮಕ್ಕಳಿಗೆ ಇದು ತಕ್ಷಣ ಬರುತ್ತದೆ. ದೊಡ್ಡವರು ನಾಚಿಕೊಳ್ಳುತ್ತಾರೆ, ಅಕ್ಕಪಕ್ಕ ನೋಡಿ ಮೆಲ್ಲಗೆ ಬಾಯಿ ದುಂಡಗೆ ಮಾಡುತ್ತಾರೆ. ಮೇಜಿನ ಹತ್ತಿರ ಒಬ್ಬರು ನಿಂತು ಮೊದಲು ತಾವೇ ಜೋರಾಗಿ ಹೇಳಿ ತೋರಿಸಬೇಕು. ಈ ಕೆಲಸಕ್ಕೆ ಸಂಕೋಚ ಇಲ್ಲದವರನ್ನು ಹುಡುಕಿ. ನಮ್ಮಲ್ಲಿ ನಾಟಕದ ಹುಡುಗನೊಬ್ಬ ನಿಂತಿದ್ದ. ಅವನ ಬಾಯಿ ನೋಡಲೆಂದೇ ಜನ ಸೇರಿದರು.

ಇನ್ನೊಂದು ಸೂಕ್ಷ್ಮ ಇದೆ, ಆಸಕ್ತಿ ಇರುವವರಿಗೆ ಮಾತ್ರ ಹೇಳಿ. ಕಜಾಕ್‌ನ ಒಂದು ಬಗೆಯ ಕ, ಗ ಮತ್ತು ಎ ತೆಳು ಪದದಲ್ಲೇ ಬರುತ್ತವೆ. ದಪ್ಪ ಪದದ ಕ, ಗ ಗಂಟಲಿನ ಹತ್ತಿರ ಹುಟ್ಟುತ್ತವೆ, ಅವಕ್ಕೆ ಅಕ್ಷರವೇ ಬೇರೆ. ಹಾಗಾಗಿ ತೆಳು ಕ, ತೆಳು ಗ ಅಥವಾ ಎ ಪದದಲ್ಲಿದ್ದರೆ ಅದು ತೆಳು ಅಂತ ಅಲ್ಲೇ ಗೊತ್ತಾಯಿತು, ಕೊಕ್ಕೆ ಹಾಕುವ ಅಗತ್ಯವೂ ಇಲ್ಲ. ಒಂದು ಮೊಳೆ ಉಳಿಯಿತು! ಕಂಪೋಸಿಟರ್ ಆದ ನನಗೆ ಇದನ್ನು ಓದಿದಾಗ ಆದ ಖುಷಿ ಮನೆಯವರಿಗೆ ವಿವರಿಸಲು ಆಗಲಿಲ್ಲ. ಕನ್ನಡದ ಮೊಳೆ ಇಡುವ ಕೇಸಿನಲ್ಲಿ ಒತ್ತಕ್ಷರ, ಕಾಗುಣಿತ ಎಲ್ಲ ಸೇರಿ ನೂರಾರು ಖಾನೆ. ಯಾವ ಖಾನೆ ಎಲ್ಲಿ ಅಂತ ಕೈ ಕಲಿಯುವುದಕ್ಕೇ ತಿಂಗಳುಗಟ್ಟಲೆ ಬೇಕಿತ್ತು.

ಹಾಗಂತ ಅವರ ಲಿಪಿಗೆ 24 ಮೊಳೆ ಸಾಕು ಅಂತ ಬೋರ್ಡಿನಲ್ಲಿ ಬರೆಯಬೇಡಿ. ಅರಬ್ಬಿ ಅಕ್ಷರ ಪದದ ಮೊದಲು, ನಡುವೆ, ಕೊನೆ, ಒಂಟಿ ಅಂತ ಜಾಗ ನೋಡಿ ಆಕಾರ ಬದಲಿಸುತ್ತದೆ. ಪ್ರೆಸ್ಸಿನವರ ಕಷ್ಟ ಪೂರ್ತಿ ತಪ್ಪಿರಲಿಲ್ಲ. ಲ್ಯಾಟಿನ್ ಲಿಪಿ ಬೇಕು ಅಂದವರ ಒಂದು ವಾದವೂ ಅದೇ ಆಗಿತ್ತು.

ಮೇಜಿನ ಇನ್ನೊಂದು ತುದಿಯಲ್ಲಿ ಹಳೆಯ ಕನ್ನಡ ಮೊಳೆಗಳ ಒಂದು ತಟ್ಟೆ ಇಡಬಹುದು. ಸೀಸದ ಮೊಳೆ ಮುಟ್ಟಿದ ಮಕ್ಕಳು ಕೈ ತೊಳೆಯದೆ ಏನೂ ತಿನ್ನಬಾರದು. ಪಕ್ಕದಲ್ಲೇ ಸೋಪು ನೀರು ಇಡಿ, ಒಬ್ಬರು ನೋಡಿಕೊಳ್ಳಲಿ.

ಪ್ರಿಂಟ್ ಹಾಕಿಸುವಾಗ

ಕನ್ನಡದಲ್ಲಿ ‘ನುಡಿ’ ಸಾಫ್ಟ್‌ವೇರಿನ ಫೈಲನ್ನು ಯುನಿಕೋಡ್‌ಗೆ ಬದಲಾಯಿಸಿ ಅರ್ಕಾವತ್ತು ಕಳೆದುಕೊಂಡವರಿಗೆ ಈ ಭಾಗ ಬೇಗ ಅರ್ಥ ಆಗುತ್ತದೆ. ಹಳೆಯ ಡಿಟಿಪಿ ಸಾಫ್ಟ್‌ವೇರಿಗೆ ಬಲದಿಂದ ಎಡಕ್ಕೆ ಬರೆಯುವ ಲಿಪಿ ಕೊಟ್ಟರೆ ಎರಡು ಅನಾಹುತ ಮಾಡುತ್ತದೆ. ಕೂಡಿರಬೇಕಾದ ಅಕ್ಷರಗಳನ್ನು ಬಿಡಿಬಿಡಿ ಮಾಡುತ್ತದೆ. ಸಾಲನ್ನು ತಿರುಗಾಮುರುಗಾ ಮಾಡುತ್ತದೆ. ನೋಡಲು ಚೆನ್ನಾಗಿಯೇ ಕಾಣುತ್ತದೆ, ಅದೇ ಅಪಾಯ. ಅಂಗಡಿಯವರಿಗೆ ಫೈಲು ಕೊಡಬೇಡಿ, ಚಿತ್ರವಾಗಿ ಉಳಿಸಿ ಕೊಡಿ. ಪ್ರೂಫ್ ಬಂದಾಗ ಮೂಲದ ಪಕ್ಕ ಇಟ್ಟು ಬಲತುದಿಯ ಮೊದಲ ಪದ ಹೊಂದುತ್ತದಾ ನೋಡಿ. ಪದದೊಳಗಿನ ಅಕ್ಷರಗಳು ಕೈ ಕೈ ಹಿಡಿದಿವೆಯಾ ನೋಡಿ. ಕೊಕ್ಕೆ ಇದೆಯಾ ನೋಡಿ. ಕೆಲವು ಫಾಂಟುಗಳಲ್ಲಿ ಆ ಕೊಕ್ಕೆಯೇ ಇರುವುದಿಲ್ಲ, ಅದರ ಜಾಗದಲ್ಲಿ ಚೌಕ ಬರುತ್ತದೆ.

ಬೆಂಗಳೂರಿನಲ್ಲಿ ಇದಕ್ಕೊಂದು ಅನುಕೂಲ ಇದೆ. ಉರ್ದು ಓದುವವರು ಎಲ್ಲ ಬಡಾವಣೆಯಲ್ಲೂ ಸಿಗುತ್ತಾರೆ, ಶಿವಾಜಿನಗರಕ್ಕೆ ಹೋದರೆ ಉರ್ದು ಅಚ್ಚು ಗೊತ್ತಿರುವವರೂ ಸಿಗುತ್ತಾರೆ. ಸಾಲು ತಿರುಗಿದೆಯಾ, ಅಕ್ಷರ ಒಡೆದಿದೆಯಾ ಅಂತ ಅವರು ಒಂದೇ ನೋಟದಲ್ಲಿ ಹೇಳುತ್ತಾರೆ. ಸ್ವರಗಳು ಮಾತ್ರ ಅವರಿಗೆ ವಿಚಿತ್ರ ಅನಿಸುತ್ತವೆ, ಕೆಲವು ಅಕ್ಷರಕ್ಕೆ ಬೇರೆಯೇ ಬೆಲೆ ಇದೆ. ಅಂಥವರೊಬ್ಬರನ್ನು ಪ್ರದರ್ಶನದ ದಿನವೂ ಕರೆಯಿರಿ. ನಮ್ಮಲ್ಲಿಗೆ ಬಂದ ಉರ್ದು ಮೇಷ್ಟ್ರೊಬ್ಬರು ಪತ್ರಿಕೆಯ ತಲೆಬರಹ ಓದಿಬಿಟ್ಟರು, ಕೆಳಗಿನ ಸಾಲಿಗೆ ಬಂದು ನಿಂತರು. “ವ್ಯಂಜನ ನಮ್ಮದೇ, ಸ್ವರ ಯಾರದೋ” ಅಂದರು. ನಾವು ಬರೆದ ಯಾವ ಬೋರ್ಡಿಗಿಂತಲೂ ಇದು ಚೆನ್ನಾಗಿತ್ತು.

ಸೋತದ್ದನ್ನೂ ಹಾಕಿ

ಈ ಲಿಪಿಯಲ್ಲಿ ಅವರು ಶಾಲೆಪುಸ್ತಕ ಬರೆದರು. 1912ರಲ್ಲಿ ಓದು ಕಲಿಸುವ ಪುಸ್ತಕ, 1914ರಿಂದ ‘ತಿಲ್ ಕುರಲ್’ ಅನ್ನುವ ವ್ಯಾಕರಣದ ಭಾಗಗಳು. ನಾಮಪದ, ಕ್ರಿಯಾಪದ ಇವಕ್ಕೆಲ್ಲ ಅವರು ಕಜಾಕ್ ನುಡಿಯಿಂದಲೇ ಹೆಸರು ಕೊಟ್ಟರು. ಅಲ್ಲಿನ ಮಕ್ಕಳು ಶಾಲೆಯಲ್ಲಿ ಈಗಲೂ ಆ ಹೆಸರುಗಳನ್ನೇ ಕಲಿಯುತ್ತಾರೆ. 1924ರಲ್ಲಿ ಒರೆನ್‌ಬರ್ಗ್‌ನಲ್ಲಿ ಸೇರಿದ ವಿದ್ವಾಂಸರ ಸಭೆ ಈ ಲಿಪಿಯನ್ನು ಒಪ್ಪಿತು. 1926ರಲ್ಲಿ ಈಗಿನ ಅಜರ್‌ಬೈಜಾನಿನ ಬಾಕು ಊರಿನಲ್ಲಿ, ಕಜಾಕ್ ಕೂಡ ಸೇರಿದ ತುರ್ಕಿ ಬಳಗದ ನುಡಿಗಳ ದೊಡ್ಡ ಸಮ್ಮೇಳನ ನಡೆಯಿತು. ಎಲ್ಲರೂ ಲ್ಯಾಟಿನ್ ಲಿಪಿಗೆ ಹೋಗೋಣ ಅನ್ನುವ ಗಾಳಿ ಅಲ್ಲಿ ಜೋರಾಗಿತ್ತು. ಬೈತುರ್ಸಿನುಲಿ ಎದ್ದು ತಿದ್ದಿದ ಅರಬ್ಬಿ ಲಿಪಿಯೇ ಸಾಕು ಅಂತ ವಾದಿಸಿದರು. ಸೋತರು. 1929ರಲ್ಲಿ ಲ್ಯಾಟಿನ್ ಬಂತು. 1940ರಲ್ಲಿ ಅದನ್ನೂ ತೆಗೆದು ರಷ್ಯನ್ನರ ಸಿರಿಲಿಕ್ ಲಿಪಿ ತಂದರು, 42 ಅಕ್ಷರ. 2017ರಲ್ಲಿ ಮತ್ತೆ ಲ್ಯಾಟಿನ್‌ಗೆ ಹೋಗುತ್ತೇವೆ ಅಂತ ಸರ್ಕಾರ ಆದೇಶ ಹೊರಡಿಸಿತು.

ಕೆಲವರು ಇದನ್ನು ಬಿಟ್ಟುಬಿಡೋಣ ಅಂದರು. ಹಿರಿಯರ ಸೋಲು ಯಾಕೆ ತೋರಿಸಬೇಕು ಅಂತ. ನಾನು ಒಪ್ಪಲಿಲ್ಲ. ಈ ಬೋರ್ಡ್ ಮುಂದೆಯೇ ಅತಿ ಹೆಚ್ಚು ಜಗಳ ಆಗಿದ್ದು. ಮೂವತ್ತು ವರ್ಷದೊಳಗೆ ಮೂರು ಲಿಪಿ ಅಂದರೆ ಅಜ್ಜ ಬರೆದ ಕಾಗದವನ್ನು ಮೊಮ್ಮಗ ಓದಲಾರ. ಒಬ್ಬರು ನಮ್ಮ ಕನ್ನಡದಿಂದಲೂ ಮಹಾಪ್ರಾಣ ತೆಗೆಯಬೇಕು ಅಂದರು, ಇನ್ನೊಬ್ಬರು ಹಾಗಾದ್ರೆ ಹಳೆ ಪುಸ್ತಕ ಏನು ಮಾಡ್ತೀರಿ ಅಂದರು. ಸಂಜೆವರೆಗೂ ನಡೆಯಿತು. ಅಲ್ಲೊಂದು ಬೆಂಚು ಹಾಕಿಡಿ.

ಅವರ ಲಿಪಿ ಸತ್ತಿಲ್ಲ ಅನ್ನುವುದನ್ನೂ ಅದೇ ಬೋರ್ಡಿನ ಕೆಳಗೆ ಬರೆಯಿರಿ. ಚೀನಾದ ಶಿನ್‌ಜಿಯಾಂಗ್ ಕಡೆಯ ಕಜಾಕರು ಬರೆಯುವುದು ಇದೇ ಲಿಪಿಯಿಂದ ಬಂದ ಅಕ್ಷರಗಳಲ್ಲಿ, ಕೊಕ್ಕೆ ಸಮೇತ.

ಕೊನೆಯ ಗೋಡೆ

ಇಲ್ಲಿ ಇಸವಿ ಮಾತ್ರ ಸಾಕು. ವಿಶೇಷಣ ಬೇಡ. ದೊಡ್ಡ ಅಕ್ಷರ, ನಡುವೆ ಜಾಸ್ತಿ ಜಾಗ.

1917, ಅಲಾಶ್ ಅನ್ನುವ ಕಜಾಕ್ ಸ್ವಾಯತ್ತ ಸರ್ಕಾರದ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. 1919, ಸೋವಿಯತ್ ಕಡೆ ಮಾತುಕತೆಗೆ ಹೋದರು. 1920, ಶಿಕ್ಷಣ ಖಾತೆಯ ಕಮಿಸಾರ್, ಅಂದರೆ ಮಂತ್ರಿ. ಆಮೇಲೆ ಕಾಲೇಜು ಮೇಷ್ಟ್ರು. 1926, ಜನರ ಬಾಯಲ್ಲಿದ್ದ 23 ಶೋಕಗೀತೆಗಳ ಸಂಗ್ರಹ ಮಾಸ್ಕೋದಲ್ಲಿ ಅಚ್ಚಾಯಿತು, ಅದೇ ವರ್ಷ ತಾಷ್ಕೆಂಟಿನಲ್ಲಿ ಸಾಹಿತ್ಯ ಪರಿಚಯದ ಪುಸ್ತಕ. 1929, ಬಂಧನ. ಅವರನ್ನು ಆರ್ಖಾಂಗೆಲ್ಸ್ಕ್ ಕಡೆಗೆ, ಹೆಂಡತಿ ಬದ್ರಿಸಫಾ ಮತ್ತು ಮಗಳು ಶೋಲ್ಪಾನ್ ಅವರನ್ನು ತೋಮ್ಸ್ಕ್ ಕಡೆಗೆ ಕಳಿಸಿದರು. 1934, ರಷ್ಯನ್ ಲೇಖಕ ಗೋರ್ಕಿಯವರ ಮೊದಲ ಹೆಂಡತಿ ಪೆಶ್ಕೋವಾ ಅವರ ಪ್ರಯತ್ನದಿಂದ ಬಿಡುಗಡೆ, ಅಲ್ಮಾಟಿಗೆ ವಾಪಸ್. 1937 ಅಕ್ಟೋಬರ್, ಮತ್ತೆ ಬಂಧನ. 1937 ಡಿಸೆಂಬರ್ 8, ಗುಂಡಿಗೆ ಬಲಿ. 1988, ನಿರ್ದೋಷಿ ಅಂತ ಘೋಷಣೆ.

1937ಕ್ಕೂ 1988ಕ್ಕೂ ನಡುವೆ ಒಂದು ಇಡೀ ಬೋರ್ಡಿನಷ್ಟು ಖಾಲಿ ಜಾಗ ಬಿಡಿ. ಐವತ್ತು ವರ್ಷ ಅವರ ಪುಸ್ತಕ ಅಚ್ಚಾಗಲಿಲ್ಲ, ಹೆಸರು ಹೇಳುವ ಹಾಗಿರಲಿಲ್ಲ. ಅಲ್ಲಿ ಏನೋ ಬಿದ್ದುಹೋಗಿದೆ ಅಂತ ಬಂದವರು ಬಂದು ಹೇಳುತ್ತಾರೆ. ಬಿದ್ದುಹೋಗಿಲ್ಲ ಅಂತ ಹೇಳಿ.

ಬೇಡದ್ದು

ಹಳೆಯ ಕನ್ನಡಕ, ಶಾಯಿ ಕುಡಿಕೆ, ಲೇಖನಿ ತಂದು ಮೇಜಿನ ಮೇಲೆ ಇಟ್ಟು ಅವರ ಕೋಣೆಯ ಹಾಗೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಜನ ಅದನ್ನು ಅವರದೇ ಅಂದುಕೊಂಡು ಫೋಟೊ ತೆಗೆದುಕೊಳ್ಳುತ್ತಾರೆ. ಅವರ ವಸ್ತು ನೋಡಬೇಕಾದ್ದು ಅಲ್ಮಾಟಿಯ ಮನೆಯಲ್ಲಿ. ಇಲ್ಲಿ ಇಟ್ಟ ಪ್ರತಿ ವಸ್ತುವಿಗೂ ಚೀಟಿ ಹಚ್ಚಿ: ಇದು ಬೆಂಗಳೂರಿನ ಕನ್ನಡ ಮೊಳೆ, ಇದು ನಾವು ಮಾಡಿದ ರಟ್ಟಿನ ಗಾಡಿ. ಕಜಾಕ್ ಟೋಪಿ ಬಾಡಿಗೆಗೆ ತಂದು ಸೆಲ್ಫಿ ಮೂಲೆ ಮಾಡೋಣ ಅಂತ ಒಬ್ಬರು, ಅಲ್ಮಾಟಿ ಸೇಬಿಗೆ ಹೆಸರುವಾಸಿ, ಸೇಬು ಹಂಚೋಣ ಅಂತ ಇನ್ನೊಬ್ಬರು. ಆ ಬೆಟ್ಟಗಳ ಕಾಡುಸೇಬೇ ನಾವು ತಿನ್ನುವ ಸೇಬಿನ ಮೂಲ ಅನ್ನುವುದು ನಿಜ, ಒಳ್ಳೆ ವಿಷಯ. ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ. ಇಲ್ಲಿ ಹಂಚಿದರೆ ಜನಕ್ಕೆ ಸೇಬು ನೆನಪಿರುತ್ತದೆ, ಮೇಷ್ಟ್ರು ಮರೆತುಹೋಗುತ್ತಾರೆ. ಕಾಫಿ ಸಾಕು.

ಅಲ್ಮಾಟಿಗೆ ಹೋಗುವವರಿಗೆ

ಬಾಗಿಲ ಹತ್ತಿರ ಒಂದು ಸಣ್ಣ ಚೀಟಿ ಅಚ್ಚು ಹಾಕಿ ಇಡಿ. ಅದರಲ್ಲಿ ಇಷ್ಟು ಇರಲಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ 2022ರಿಂದ ಕಜಾಕ್‌ಸ್ತಾನದಲ್ಲಿ ಒಂದು ಸಲಕ್ಕೆ 14 ದಿನದವರೆಗೆ ವೀಸಾ ಬೇಡ, ಆದರೂ ಟಿಕೆಟ್ ಮಾಡುವ ಮುಂಚೆ ನಿಯಮ ಮತ್ತೆ ನೋಡಿಕೊಳ್ಳಿ. ಅಲ್ಮಾಟಿಯಲ್ಲಿ ಮೆಟ್ರೊ ಇದೆ. ಬೈಕೊನೂರ್ ಅನ್ನುವ ನಿಲ್ದಾಣ ಅಬಾಯ್ ರಸ್ತೆಯೂ ಬೈತುರ್ಸಿನುಲಿ ಬೀದಿಯೂ ಕೂಡುವ ಕಡೆ ಇದೆ, ಅಲ್ಲಿ ಇಳಿದು ಬೀದಿ ಹಿಡಿಯಬಹುದು. ಹೋಟೆಲಿನವರಿಂದ ಫೋನ್ ಮಾಡಿಸಿ ಮ್ಯೂಸಿಯಂ ಯಾವತ್ತು ತೆರೆದಿರುತ್ತದೆ, ಯಾವ ಭಾಷೆಯಲ್ಲಿ ವಿವರಿಸುತ್ತಾರೆ ಅಂತ ಕೇಳಿ. ಬೋರ್ಡುಗಳನ್ನು ಓದಲು ಫೋನಿನಲ್ಲಿ ಅನುವಾದದ ಆಪ್ ಮುಂಚೆಯೇ ಹಾಕಿಕೊಳ್ಳಿ. ಸಿರಿಲಿಕ್ ಅಕ್ಷರ ಗುರುತಿಸಲು ವಿಮಾನದಲ್ಲಿ ಕೂತಷ್ಟು ಹೊತ್ತು ಸಾಕು. ಒಳಗೆ ಫೋಟೊ ತೆಗೆಯಬಹುದಾ ಅಂತ ಕೇಳಿಯೇ ತೆಗೆಯಿರಿ. ಹಳೆಯ ಅಕ್ಷರದ ಪುಟ ಕಂಡರೆ ಬಲಗಡೆಯಿಂದ ಶುರು ಮಾಡಿ ಕೊಕ್ಕೆ ಹುಡುಕಿ. ಸಿಕ್ಕಿದರೆ ಅದರ ಫೋಟೊ ನಮ್ಮ ಲೈಬ್ರರಿಗೆ ಕಳಿಸಿ, ಮುಂದಿನ ಸಲ ಬೋರ್ಡಿಗೆ ಬೇಕು.